ಮೇಜು ಬೆಟ್ಟದ ಮೇಲೆ ಇಳಿದ ಬೆಳಕು

ಕಾರಿನ ಹಿಂದಿನ ಸೀಟಿನಲ್ಲಿ ನನಗೂ ಮೊಮ್ಮಗಳಿಗೂ ನಡುವೆ ಒಂದು ಉಪಗ್ರಹ ಕೂತಿತ್ತು. ಕಾರ್ನ್‌ಫ್ಲೇಕ್ಸಿನ ಎರಡು ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಅಂಟಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಎರಡೂ ಬದಿಗೆ ರಟ್ಟಿನ ರೆಕ್ಕೆ ಸಿಕ್ಕಿಸಿದ್ದಳು. ಶಾಲೆಗೆಂದು ಮಾಡಿದ್ದು. ರಜೆ ಶುರುವಾದ ಮೇಲೆ ಮನೆಗೆ ವಾಪಸು ಬಂದಿತ್ತು. ಅದರ ಒಂದು ಮೂಲೆಯಲ್ಲಿ ನನ್ನ ಕುಂಕುಮದ ಡಬ್ಬಿಯ ಪುಟಾಣಿ ಕನ್ನಡಿ ಅಂಟಿಕೊಂಡಿತ್ತು. ಎಲ್ಲಿ ಹೋಯಿತೆಂದು ನಾನು ಎರಡು ದಿನದಿಂದ ಹುಡುಕುತ್ತಿದ್ದೆ.

"ಅದು ಲೇಸರ್ ಬರೋ ಕಿಟಕಿ ಅಜ್ಜಿ. ನಿಜವಾದ ಸ್ಯಾಟಲೈಟೂ ಇಷ್ಟೇ ಇರೋದು," ಎಂದಳು ಪುಟ್ಟಿ.

ನಾನು ನಂಬಲಿಲ್ಲ. ನಮ್ಮ ಕಾಲದವರಿಗೆ ಉಪಗ್ರಹವೆಂದರೆ ಆರ್ಯಭಟ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಅದರ ತೂಕ 360 ಕಿಲೊ. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿತ್ತು, ಅಜ್ಜಂದಿರಿಗೆ ನೆನಪಿರಬಹುದು. ಆದರೆ ಪುಟ್ಟಿ ಹೇಳಿದ್ದೇ ನಿಜ. ಅವಳು ಮಾದರಿ ಮಾಡಿದ್ದ ಪಿಟಿಡಿ-3 ಎಂಬ ನಾಸಾ ಉಪಗ್ರಹ ಸುಮಾರು 12 ಕಿಲೊ ತೂಗುತ್ತಿತ್ತು. ನಮ್ಮ ಅಡುಗೆಮನೆಯ ಸಿಲಿಂಡರಿನೊಳಗಿನ ಗ್ಯಾಸೇ 14.2 ಕಿಲೊ ಇರುತ್ತದೆ! ಅದರ ಹೊಟ್ಟೆಯಲ್ಲಿ, ಟಿಶ್ಯೂ ಕಾಗದದ ಡಬ್ಬಿಯಷ್ಟು ದೊಡ್ಡದಾದ ಟಿ-ಬರ್ಡ್ ಎಂಬ ಲೇಸರ್ ಯಂತ್ರ. ಆಕಾಶದಿಂದ ಭೂಮಿಗೆ ಬೆಳಕಿನಲ್ಲಿ ಸುದ್ದಿ ಕಳಿಸಬಹುದೇ, ಎಷ್ಟು ಬೇಗ ಕಳಿಸಬಹುದು ಎಂದು ಪರೀಕ್ಷಿಸುವುದೇ ಅದರ ಕೆಲಸ. ಆ ಬೆಳಕು ಬಂದು ಇಳಿಯುವ ಬೆಟ್ಟವನ್ನು ನೋಡಲು ನಾವು ಹೊರಟಿದ್ದೆವು.

ಅದು 2023ರ ಜೂನ್. ಮಗಳ ಮನೆ ಇರುವ ಅರ್ವೈನ್, ಕ್ಯಾಲಿಫೋರ್ನಿಯಾದ ಕಡಲ ಕಡೆಯ ಊರು. ಅಲ್ಲಿ ಜೂನ್ ತಿಂಗಳೆಂದರೆ ಬೆಳಗಾದರೂ ಸೂರ್ಯನಿಲ್ಲ. ಸಮುದ್ರದ ಮೇಲಿಂದ ತಗ್ಗಾದ ಮೋಡ ಒಳಬಂದು ಊರಿನ ಮೇಲೆ ಬೂದು ಕಂಬಳಿಯ ಹಾಗೆ ಹೊದ್ದಿರುತ್ತದೆ. ಇದಕ್ಕೆ ಅವರು 'ಜೂನ್ ಗ್ಲೂಮ್' ಎನ್ನುತ್ತಾರೆ. ಮಳೆಯಿಲ್ಲ, ಗುಡುಗಿಲ್ಲ, ಸುಮ್ಮನೆ ಮಂಕು. ಸಾಗರದ ಕಡೆಯವಳಾದ ನನಗೆ ಮಳೆ ಸುರಿಸದ ಇಂಥ ಮೋಡ ಕಂಡರೆ ಸಿಟ್ಟೇ ಬರುತ್ತದೆ.

"ಇಷ್ಟು ಮೋಡ ಇದ್ದರೆ ಅಲ್ಲಿ ಹೋಗಿ ಏನು ನೋಡೋದು?" ಎಂದೆ.

"ಸ್ವಲ್ಪ ತಡೀರಿ ಅತ್ತೆ," ಎಂದು ಅಳಿಯ ನಗುತ್ತಾ ಕಾರು ಓಡಿಸಿದರು.

ಸುಮಾರು ಒಂದು ಗಂಟೆಯ ದಾರಿ ಕಳೆದ ಮೇಲೆ ಬೆಟ್ಟಗಳ ನಡುವಿನ ಒಂದು ಕಣಿವೆಗೆ ಬಂದೆವು. ಕಹೋನ್ ಪಾಸ್. ಎಡಗಡೆ ರೈಲಿನ ಹಳಿಗಳು, ಅದರ ಮೇಲೆ ಮುಗಿಯದಷ್ಟು ಉದ್ದದ ಗೂಡ್ಸ್ ಗಾಡಿ. ಪುಟ್ಟಿ ಡಬ್ಬಿ ಎಣಿಸಲು ಶುರುಮಾಡಿ ನಲವತ್ತರ ಸುಮಾರಿಗೆ ಕೈಬಿಟ್ಟಳು. ರಸ್ತೆ ಏರುತ್ತಾ ಹೋದಂತೆ ಮಂಜು ತೆಳುವಾಗಿ, ಒಂದು ತಿರುವಿನಲ್ಲಿ ಫಕ್ಕನೆ ಬಿಸಿಲು! ಹಿಂತಿರುಗಿ ನೋಡಿದರೆ ನಾವು ಬಿಟ್ಟುಬಂದ ಮೋಡವೆಲ್ಲ ಕೆಳಗೆ, ಕಡೆದ ಮಜ್ಜಿಗೆಯ ಮೇಲಿನ ನೊರೆಯ ಹಾಗೆ ಬಿದ್ದುಕೊಂಡಿತ್ತು. ಮೇಲೆ ಕಡುನೀಲಿ ಆಕಾಶ. ಬೆಟ್ಟ ನೋಡುವ ಮೊದಲೇ ಬೆಟ್ಟ ಏಕೆ ಬೇಕೆಂಬುದು ನನಗೆ ಅರ್ಧ ತಿಳಿದುಹೋಯಿತು.

ಅಲ್ಲಿಂದ ಮುಂದೆ ರೈಟ್‌ವುಡ್ ಎಂಬ ಚಿಕ್ಕ ಊರು. ಮರದ ಮನೆಗಳು, ದೇವದಾರಿನಂಥ ಎತ್ತರದ ಪೈನ್ ಮರಗಳು. ಅದನ್ನು ದಾಟಿದರೆ ಬಿಗ್ ಪೈನ್ಸ್. ಇಲ್ಲಿ ಒಂದು ವಿಚಿತ್ರವಿದೆ. ಕ್ಯಾಲಿಫೋರ್ನಿಯಾದ ಉದ್ದಕ್ಕೂ ನೆಲದಲ್ಲಿ ಒಂದು ದೊಡ್ಡ ಬಿರುಕು ಹಾದುಹೋಗುತ್ತದೆ. ಸ್ಯಾನ್ ಆಂಡ್ರಿಯಾಸ್ ಬಿರುಕು ಎಂದು ಅದರ ಹೆಸರು. ಆ ಕಡೆಯ ದೊಡ್ಡ ಭೂಕಂಪಗಳಿಗೆ ಅದೇ ಕುಖ್ಯಾತ. ಆ ಬಿರುಕು ಅತಿ ಎತ್ತರದಲ್ಲಿ ಹಾಯುವ ಜಾಗವೇ ಬಿಗ್ ಪೈನ್ಸ್, ಸುಮಾರು 2,090 ಮೀಟರ್. ಪುಟ್ಟಿ ಕಾರಿನಿಂದ ಇಳಿದು ಬಿರುಕನ್ನು ಹುಡುಕಿದಳು. ಬಾಯಿ ತೆರೆದ ಪ್ರಪಾತವನ್ನು ನೋಡುವ ಆಸೆ ಅವಳಿಗೆ. ಕಂಡದ್ದು ರಸ್ತೆ, ಹುಲ್ಲು, ಒಂದು ಅಳಿಲು ಮಾತ್ರ.

ಬಿಗ್ ಪೈನ್ಸ್‌ನಿಂದ ಒಂದು ಕವಲು ರಸ್ತೆ ಮೇಲೇರುತ್ತದೆ. ಅದರ ತುದಿಯಲ್ಲಿರುವುದೇ ಟೇಬಲ್ ಮೌಂಟನ್. ನೆತ್ತಿ ಚಪ್ಪಟೆಯಾಗಿರುವುದರಿಂದ ಆ ಹೆಸರು; ನಾನು ಮೇಜು ಬೆಟ್ಟ ಎಂದೇ ಕರೆದೆ. ಎತ್ತರ ಸುಮಾರು 2,285 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು. ಉತ್ತರಕ್ಕೆ ನೋಡಿದರೆ ಕೆಳಗೆ ಮೊಹಾವೆ ಮರುಭೂಮಿ, ಹುರಿದ ಗೋಧಿಹಿಟ್ಟಿನ ಬಣ್ಣದ್ದು. ಇನ್ನೊಂದು ಕಡೆ ಬೇಡನ್ ಪೊವೆಲ್ ಶಿಖರ. ಹೌದು, ಸ್ಕೌಟ್ ಚಳವಳಿಯನ್ನು ಕಟ್ಟಿದ ಅದೇ ಬೇಡನ್ ಪೊವೆಲ್. ಸ್ಕೌಟ್ಸ್ ಗೈಡ್ಸ್ ಸೇರಿರುವ ಮಕ್ಕಳು ಅಲ್ಲಿಗೆ ಹೋದರೆ ಒಂದು ಸೆಲ್ಯೂಟ್ ಹೊಡೆಯಬಹುದು.

ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ನಡೆಸುವ ವೀಕ್ಷಣಾಲಯ ಇರುವುದು ಇಲ್ಲೇ. ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅದು ಗೊತ್ತಿದ್ದೇ ಹೋಗಿದ್ದೆವು. ಮರಗಳ ನಡುವೆ ಬಿಳಿಯ ಗುಮ್ಮಟ ಕಂಡಿತು. ನಾಲ್ಕಾರು ಕಟ್ಟಡ, ಸುತ್ತ ಬೇಲಿ. ಅಷ್ಟೇ. ನಿಜ ಹೇಳಬೇಕೆಂದರೆ ಪುಟ್ಟಿಯ ಮುಖ ಸಪ್ಪಗಾಯಿತು.

"ಲೇಸರ್ ಎಲ್ಲಿ?"

"ಇದ್ದರೂ ಕಾಣಲ್ಲ ಕಣೆ," ಎಂದರು ಅಳಿಯ.

ಸಿನಿಮಾದಲ್ಲಿ ತೋರಿಸುವ ಕೆಂಪು ಹಸಿರು ಗೆರೆಯನ್ನು ಅವಳು ನಿರೀಕ್ಷಿಸಿದ್ದಳು. ಟಿ-ಬರ್ಡ್ ಬಳಸುವುದು ಅವಕೆಂಪು ಬೆಳಕನ್ನು, ನಮ್ಮ ಕಣ್ಣಿಗೆ ಕಾಣದ್ದನ್ನು. ಮನೆಯ ಟಿ.ವಿ. ರಿಮೋಟಿನದೂ ಅವಕೆಂಪು ಬೆಳಕೇ. ಕತ್ತಲೆಯ ಕೋಣೆಯಲ್ಲಿ ಫೋನಿನ ಕ್ಯಾಮೆರಾದ ಎದುರು ರಿಮೋಟ್ ಹಿಡಿದು ಗುಂಡಿ ಒತ್ತಿ ನೋಡಿ. ಕಣ್ಣಿಗೆ ಕಾಣದ ಮಿಣುಕು ಬಹಳಷ್ಟು ಫೋನುಗಳ ಪರದೆಯಲ್ಲಿ ಕಾಣುತ್ತದೆ. ಟಿ-ಬರ್ಡ್‌ನದು ಅದಕ್ಕಿಂತಲೂ ಆಚೆಯ ಬೆಳಕು, ಫೋನಿಗೂ ಕಾಣುವುದಿಲ್ಲ. ಆದರೆ ಅದು ನಮಗೆ ಅಪರಿಚಿತವೇನಲ್ಲ. ಊರಿನ ರಸ್ತೆ ಅಗೆದು ಹೂಳಿರುತ್ತಾರಲ್ಲ, ಇಂಟರ್ನೆಟ್ ಕೇಬಲ್, ಅದರೊಳಗಿನ ಗಾಜಿನ ಎಳೆಗಳಲ್ಲಿ ಓಡುವುದು ಇಂಥದೇ ಬೆಳಕು. ಟಿ-ಬರ್ಡ್ ಕಟ್ಟಿದ ಎಂಐಟಿ ಲಿಂಕನ್ ಲ್ಯಾಬೊರೇಟರಿಯವರು ಮಾಡಿದ ಜಾಣತನವೆಂದರೆ, ಆ ಕೇಬಲ್ಲಿಗೆ ಬಳಸುವ, ಮಾರುಕಟ್ಟೆಯಲ್ಲಿ ಸಿಗುವ ಭಾಗಗಳನ್ನೇ ಆಕಾಶಕ್ಕೆ ಒಯ್ದದ್ದು. ಸುಲಭವಾಗೇನೂ ಆಗಲಿಲ್ಲ. ಗಾಳಿಯಿಲ್ಲದ ಕೋಣೆಯಲ್ಲಿಟ್ಟು ಪರೀಕ್ಷಿಸಿದಾಗ ಒಳಗಿನ ಗಾಜಿನ ಎಳೆ ಕರಗಿಹೋಯಿತಂತೆ. ಭೂಮಿಯ ಮೇಲೆ ಬಿಸಿಯಾದ ಯಂತ್ರದ ಶಾಖವನ್ನು ಗಾಳಿ ಒಯ್ಯುತ್ತದೆ, ನಾವು ಬಿಸಿ ಕಾಫಿಯನ್ನು ಊದಿ ಆರಿಸುವ ಹಾಗೆ. ಅಲ್ಲಿ ಊದಲು ಗಾಳಿಯೇ ಇಲ್ಲ. ಶಾಖ ಹರಿದುಹೋಗಲು ಬೇರೆ ದಾರಿ ಮಾಡಿಕೊಟ್ಟ ಮೇಲೆ ಯಂತ್ರ ಬದುಕಿತು.

ಇಷ್ಟೆಲ್ಲ ಪಾಡು ಯಾಕೆ? ರೇಡಿಯೊ ಸಾಲದೇ? ನಾನೂ ಅದನ್ನೇ ಕೇಳಿದೆ. ಉಪಗ್ರಹಗಳ ಕಣ್ಣು ಈಗ ಬಹಳ ಚುರುಕಾಗಿದೆ, ನಾಲಿಗೆ ಮಾತ್ರ ನಿಧಾನ. ಕಾಡಿನ ಬೆಂಕಿ, ಚಂಡಮಾರುತ, ಬೆಳೆ, ಕರಗುವ ಹಿಮ, ಎಲ್ಲವನ್ನೂ ನೋಡಿ ನೋಡಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹೇಳಲು ಸಿಗುವುದು ನಮ್ಮ ತಲೆಯ ಮೇಲೆ ಹಾದುಹೋಗುವ ನಾಲ್ಕೈದು ನಿಮಿಷ. ದೊಡ್ಡ ಉಪಗ್ರಹವಾದರೆ ದೊಡ್ಡ ಆಂಟೆನಾ, ಹೆಚ್ಚು ವಿದ್ಯುತ್ತು ಹೊತ್ತೊಯ್ಯಬಹುದು. 12 ಕಿಲೊದ ಬಡಪಾಯಿ ಏನು ಹೊರುತ್ತದೆ? ಬೆಳಕಿನ ಅಲೆಗಳು ಒತ್ತೊತ್ತಾಗಿರುವುದರಿಂದ ಅದರಲ್ಲಿ ತುಂಬಿ ಕಳಿಸಬಹುದಾದ ಮಾಹಿತಿ ಬಹಳ ಹೆಚ್ಚು, ಸಾಧನವೂ ಚಿಕ್ಕದು.

ಆದರೆ ಗುರಿ ತಪ್ಪಬಾರದು. ರೇಡಿಯೊ ಬಾವಿಕಟ್ಟೆಯಲ್ಲಿ ನಿಂತು ಕೂಗಿದ ಹಾಗೆ, ಸುತ್ತಲ ಎಲ್ಲರಿಗೂ ಕೇಳಿಸುತ್ತದೆ. ಲೇಸರ್ ಕಿವಿಯಲ್ಲಿ ಹೇಳಿದ ಗುಟ್ಟಿನ ಹಾಗೆ. ಬಾಯಿ ಕಿವಿಯ ಹತ್ತಿರವೇ ಬರಬೇಕು.

ಇದು ಎಷ್ಟು ಕಷ್ಟವೆಂದು ತಿಳಿಸಿಕೊಟ್ಟದ್ದು ನನ್ನ ಕುಂಕುಮದ ಡಬ್ಬಿಯ ಕನ್ನಡಿ. ಗುಮ್ಮಟ ನೋಡಿ ಬೇಜಾರಾದ ಪುಟ್ಟಿ ತನ್ನ ಉಪಗ್ರಹವನ್ನು ಕಾರಿನಿಂದ ಹೊರಗೆ ತಂದಳು. ಕನ್ನಡಿಗೆ ಬಿಸಿಲು ಬಿದ್ದು, ದೂರದ ಪೈನ್ ಮರದ ಕಾಂಡದ ಮೇಲೆ ಬೆಳಕಿನ ಬಿಲ್ಲೆಯೊಂದು ಮೂಡಿತು. ನಾವು ಚಿಕ್ಕವರಿದ್ದಾಗ ಕ್ಲಾಸಿನಲ್ಲಿ ಮೇಷ್ಟರ ಬೆನ್ನ ಮೇಲೆ ಬಿಡುತ್ತಿದ್ದ ಬಿಲ್ಲೆ.

"ಈಗ ಓಡು ನೋಡೋಣ. ಬಿಲ್ಲೆ ಆ ಮರ ಬಿಟ್ಟು ಹೋಗಬಾರದು," ಎಂದೆ.

ಅವಳು ಓಡಿದಳು. ಬಿಲ್ಲೆ ಮರದಿಂದ ಮರಕ್ಕೆ, ಅಲ್ಲಿಂದ ಆಕಾಶಕ್ಕೆ ಹಾರಿತು. ನಿಧಾನ ನಡೆದಳು, ಆದರೂ ನಿಲ್ಲಲಿಲ್ಲ. ಕೊನೆಗೆ ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆಗೆ ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಾಗ ಮಾತ್ರ ಬಿಲ್ಲೆ ಕಾಂಡದ ಮೇಲೆ ಉಳಿಯಿತು, ಅದೂ ಐದಾರು ಹೆಜ್ಜೆ. ನೀವೂ ಅಂಗಳದಲ್ಲಿ ಆಡಿ ನೋಡಿ. ಯಾರ ಕಣ್ಣಿಗೂ ಬಿಡಬೇಡಿ.

ನಿಜವಾದ ಡಬ್ಬಿ 500 ಕಿಲೊಮೀಟರಿಗೂ ಮೇಲೆ, ಸೆಕೆಂಡಿಗೆ ಏಳೂವರೆ ಕಿಲೊಮೀಟರ್ ವೇಗದಲ್ಲಿ ಓಡುತ್ತಿತ್ತು. ಆ ವೇಗದಲ್ಲಿ ನಮ್ಮ ಸಾಗರದಿಂದ ಜೋಗಕ್ಕೆ ನಾಲ್ಕು ಸೆಕೆಂಡು! ಬಿಲ್ಲೆ ಬೀಳಬೇಕಾದದ್ದು ಈ ಗುಮ್ಮಟದೊಳಗಿನ ಒಂದು ಮೀಟರ್ ಅಗಲದ ದೂರದರ್ಶಕದ ಕನ್ನಡಿಯ ಮೇಲೆ. ಹಾಗಾಗಿ ಮೊದಲು ಬೆಟ್ಟದಿಂದಲೇ ಒಂದು ಬೆಳಕನ್ನು ಮೇಲಕ್ಕೆ ಬಿಡುತ್ತಾರೆ. ಕತ್ತಲಲ್ಲಿ ಬರುವ ನೆಂಟರಿಗೆ ಅಂಗಳದಲ್ಲಿ ನಿಂತು ಟಾರ್ಚ್ ತೋರಿಸುತ್ತೇವಲ್ಲ, ಹಾಗೆ. ಆ ದಾರಿಯಲ್ಲಿ ವಿಮಾನ ಬರುತ್ತಿಲ್ಲವೆಂದು ನೋಡಿಕೊಂಡೇ ಬಿಡಬೇಕು. ಉಪಗ್ರಹ ಅದನ್ನು ಕಂಡು ಆ ಕಡೆಗೇ ಮುಖ ಮಾಡುತ್ತದೆ. ಟಿ-ಬರ್ಡ್‌ಗೆ ಬೇರೆಯಾಗಿ ತಿರುಗುವ ಕುತ್ತಿಗೆ ಇರಲಿಲ್ಲ. ಕುತ್ತಿಗೆ ಉಳುಕಿದವರು ಮೈಯನ್ನೆಲ್ಲ ತಿರುಗಿಸಿ ನೋಡುವ ಹಾಗೆ ಇಡೀ ಉಪಗ್ರಹವೇ ಹೊರಳಿ ಹೊರಳಿ ಬೆಟ್ಟವನ್ನು ನೋಡುತ್ತಿತ್ತು.

ಇಷ್ಟಾದ ಮೇಲೂ ಗಾಳಿಯ ಕಾಟವಿದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವುದನ್ನು ಕಂಡಿದ್ದೀರಲ್ಲ? ನಕ್ಷತ್ರ ಮಿನುಗುವುದೂ ಆ ನಡುಕದಿಂದಲೇ. ಉಪಗ್ರಹದ ಬೆಳಕೂ ಹಾಗೇ ನಡುಗುತ್ತಾ ಬರುತ್ತದೆ. ಅದನ್ನು ಸರಿಪಡಿಸಲು ಬೆಟ್ಟದ ಮೇಲೆ ಕ್ಷಣಕ್ಷಣಕ್ಕೂ ತನ್ನ ಮೈಯನ್ನು ಬಾಗಿಸಿಕೊಳ್ಳುವ ಕನ್ನಡಿ ಇದೆ. ಅಷ್ಟರಲ್ಲೂ ಒಂದಿಷ್ಟು ಮಾತು ಕಳೆದುಹೋದರೆ? ಆಗ ಕೆಳಗಿನಿಂದ ಕೇಳುತ್ತಾರೆ, "ಏನಂದೆ? ಆ ತುಂಡು ಮತ್ತೆ ಹೇಳು." ಮೇಲಿನದು ಆ ತುಂಡನ್ನಷ್ಟೇ ಮತ್ತೆ ಹೇಳುತ್ತದೆ. ಟ್ರಂಕ್ ಕಾಲ್ ಕಾಲದಲ್ಲಿ ನಾವು ಮಾತಾಡಿದ್ದೂ ಹೀಗೆಯೇ. ಪುಟ್ಟಿಯ ಅಜ್ಜ ಈಗಲೂ ಫೋನಿನಲ್ಲಿ ಹೀಗೆಯೇ ಮಾತಾಡುವುದು.

ಪಿಟಿಡಿ-3 ಆಕಾಶಕ್ಕೆ ಏರಿದ್ದು 2022ರ ಮೇ 25ರಂದು. ಆ ವರ್ಷವೇ ಸೆಕೆಂಡಿಗೆ 100 ಗಿಗಾಬಿಟ್ ವೇಗದಲ್ಲಿ ಮಾಹಿತಿ ಕಳಿಸಿತು. ನಾವು ಹೋಗುವುದಕ್ಕೆ ಎರಡು ತಿಂಗಳ ಹಿಂದೆ, 2023ರ ಏಪ್ರಿಲ್ 28ರಂದು, ವೇಗ 200 ಗಿಗಾಬಿಟ್ ಮುಟ್ಟಿತ್ತು. ಆ ವರ್ಷ ಒಂದು ಸಲವಂತೂ, ಐದು ನಿಮಿಷ ತುಂಬುವುದರೊಳಗೆ 4.8 ಟೆರಾಬೈಟ್ ಮಾಹಿತಿಯನ್ನು ಒಂದೂ ತಪ್ಪಿಲ್ಲದೆ ಇಳಿಸಿತು. ಟೆರಾಬೈಟ್ ಅಂದರೆ ನನಗೂ ಅರ್ಥವಾಗದು. ಅಳಿಯ ಲೆಕ್ಕ ಹಾಕಿ ಹೇಳಿದ್ದು ಹೀಗೆ: 128 ಗಿಗಾಬೈಟಿನ ಫೋನುಗಳನ್ನು ಸಾಲಾಗಿಟ್ಟು ತುಂಬಿಸಿದರೆ 37 ಫೋನು ತುಂಬಿ ಇನ್ನೂ ಉಳಿಯುತ್ತದೆ. ನಾನು ಉಪ್ಪಿಟ್ಟಿಗೆ ರವೆ ಹುರಿಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೋಡ ಬಂದರೆ ಮಾತ್ರ ಎಲ್ಲ ಮುಗಿಯಿತು. ಲೇಸರಿಗೆ ಮೋಡವೆಂದರೆ ಗೋಡೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆಯಲ್ಲ, ಅದು ರೇಡಿಯೊದ್ದು. ಮಳೆ ಬರಲಿ, ಮೋಡ ಕವಿಯಲಿ, ದೂರದ ನೌಕೆಯ ಮಾತು ಕೇಳಿಸಿಕೊಳ್ಳುತ್ತದೆ. ಲೇಸರ್ ಕೇಂದ್ರವನ್ನು ನಮ್ಮ ಆಗುಂಬೆಯಲ್ಲಿ ಕಟ್ಟಿದರೆ ವರ್ಷಕ್ಕೆ ನಾಲ್ಕು ತಿಂಗಳು ಬೀಗ ಹಾಕಿಡಬೇಕಾದೀತು. ಒಣ ಗಾಳಿಯ ಈ ಬೆಟ್ಟವನ್ನೂ ಮೋಡ ಬಿಡುವುದಿಲ್ಲ, ಚಳಿಗಾಲದಲ್ಲಿ ಹಿಮವೇ ಬೀಳುತ್ತದೆ. ಅದಕ್ಕೇ ನಾಸಾದ ಇನ್ನೊಂದು ಲೇಸರ್ ಉಪಗ್ರಹಕ್ಕೆ ಇಲ್ಲೊಂದು, ಹವಾಯಿ ದ್ವೀಪದ ಬೆಟ್ಟದ ಮೇಲೊಂದು, ಎರಡು ಕೇಂದ್ರ ಇಟ್ಟಿದ್ದಾರೆ. ಇಲ್ಲಿ ಮೋಡವಿದ್ದರೆ ಅಲ್ಲಿ ಇಳಿಸಬಹುದು.

ಬೇಲಿಯಿಂದ ಸ್ವಲ್ಪ ದೂರದಲ್ಲಿ ಮರದ ನೆರಳಿಗೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಪೈನ್ ತೊಗಟೆಯ ಸಿಹಿ ವಾಸನೆ ಬರುತ್ತಿತ್ತು. ಆಗ ಅಳಿಯ ಈ ಬೆಟ್ಟದ ಹಳೆಯ ಕಥೆ ಹೇಳಿದರು. ನನಗೆ ಟೆರಾಬೈಟಿಗಿಂತ ಹಿಡಿಸಿದ್ದು ಅದೇ.

ಇಲ್ಲಿಗೆ ಮೊದಲು ಬಂದವರು ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು, 1920ರ ದಶಕದಲ್ಲಿ. ಸೂರ್ಯನಿಂದ ಭೂಮಿಗೆ ಎಷ್ಟು ಶಾಖ ಬರುತ್ತದೆ ಎಂದು ಅವರು ಇಲ್ಲಿ ಅಳೆಯುತ್ತಿದ್ದರು. ಅವರಿಗೂ ಬೇಕಾಗಿದ್ದುದು ಈ ತಿಳಿಯಾದ ಗಾಳಿಯೇ. 1962ರಲ್ಲಿ ಬೆಟ್ಟ ಈಗಿನವರ ಕೈಗೆ ಬಂತು. 1968ರ ಜನವರಿಯಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿಯುವುದಕ್ಕೆ ಒಂದೂವರೆ ವರ್ಷ ಮೊದಲು, ಸರ್ವೇಯರ್-7 ಎಂಬ ಯಂತ್ರ ಚಂದ್ರನ ಟೈಕೋ ಕುಳಿಯ ಬಳಿ ಕೂತು ಭೂಮಿಯ ಕಡೆ ಕ್ಯಾಮೆರಾ ತಿರುಗಿಸಿತು. ಆಗ ಇಲ್ಲಿಂದಲೂ, ಅರಿಜೋನಾದ ಕಿಟ್ ಪೀಕ್ ಬೆಟ್ಟದಿಂದಲೂ ಲೇಸರ್ ಬಿಟ್ಟರು. ಕೆಲವೇ ವಾಟಿನ ನೀಲಿ ಹಸಿರು ಬೆಳಕು. ಭೂಮಿಯ ಕತ್ತಲ ಭಾಗದ ಆ ಫೋಟೊದಲ್ಲಿ ಎರಡು ಚುಕ್ಕೆ ಮೂಡಿದವು. ಪಕ್ಕದಲ್ಲೇ ಲಾಸ್ ಏಂಜಲೀಸ್ ನಗರದ ಲಕ್ಷ ಲಕ್ಷ ದೀಪಗಳು ಉರಿಯುತ್ತಿದ್ದವು, ಅವು ಯಾವುವೂ ಕಾಣಲಿಲ್ಲ. ಎಲ್ಲ ಕಡೆಗೂ ಚೆಲ್ಲಿದ ಬೆಳಕು ಚಂದ್ರನನ್ನು ಮುಟ್ಟುವುದರೊಳಗೆ ತೆಳುವಾಗಿಹೋಗಿತ್ತು. 1992ರ ಡಿಸೆಂಬರಿನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯೂ ಈ ಬೆಟ್ಟದ ಲೇಸರನ್ನು ಕಂಡಿತು, 60 ಲಕ್ಷ ಕಿಲೊಮೀಟರ್ ದೂರದಿಂದ.

"ಹಾಗಾದರೆ ಇದು ತುಂಬ ವರ್ಷದಿಂದ ಟಾರ್ಚ್ ಬಿಡ್ತಾ ಇದೆ," ಎಂದಳು ಪುಟ್ಟಿ, ಶೇಂಗಾ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ. ಆಮೇಲೆ ಗುಮ್ಮಟವನ್ನು ಇನ್ನೊಮ್ಮೆ ನೋಡಿದಳು. ಈ ಸಲ ಮುಖ ಸಪ್ಪಗಿರಲಿಲ್ಲ.

"ಈಗ ಅದು ಮೇಲಿದೆಯಾ ಅಪ್ಪಾ?"

ಇರಬಹುದು, ಇಲ್ಲದೆಯೂ ಇರಬಹುದು. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಡಬ್ಬಿ. ಅವಳು ತನ್ನ ಉಪಗ್ರಹವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕನ್ನಡಿಯನ್ನು ಆಕಾಶದ ಕಡೆ ಮಾಡಿ ಸ್ವಲ್ಪ ಹೊತ್ತು ನಿಂತಳು. ಏನು ಮಾತಾಡಿದೆ ಎಂದು ಕೇಳಿದರೆ ಹೇಳಲಿಲ್ಲ.

ಇಳಿಯುವಾಗ ಕಹೋನ್ ಕಣಿವೆಯ ಕೆಳಗೆ ಮಂಜು ತುಸು ಕರಗಿತ್ತು. ಪುಟ್ಟಿ ಡಬ್ಬಿಯ ಮೇಲೆ ಕೈ ಹಾಕಿಕೊಂಡು ನಿದ್ದೆಹೋಗಿದ್ದಳು.

ನಾನು ಊರಿಗೆ ಮರಳಿದ ಮೇಲೂ ಬೆಟ್ಟದ ಸುದ್ದಿ ಬರುತ್ತಲೇ ಇತ್ತು. ಆ ಡಿಸೆಂಬರಿನಲ್ಲಿ ಪುಟ್ಟಿ ವೀಡಿಯೊ ಕಾಲ್ ಮಾಡಿ ಒಂದು ಬೆಕ್ಕನ್ನು ತೋರಿಸಿದಳು. ಟೇಟರ್ಸ್ ಎಂಬ ಕಿತ್ತಳೆ ಬಣ್ಣದ ಬೆಕ್ಕು ಲೇಸರ್ ಚುಕ್ಕೆಯನ್ನು ಹಿಡಿಯಲು ಸೋಫಾದ ಮೇಲೆ ಓಡಾಡುವ ಚಿತ್ರ. ಸೈಕಿ ಎಂಬ ನೌಕೆ ಅದನ್ನು 3 ಕೋಟಿ 10 ಲಕ್ಷ ಕಿಲೊಮೀಟರ್ ದೂರದಿಂದ ಲೇಸರಿನಲ್ಲಿ ಕಳಿಸಿತ್ತು. ಬೆಳಕು ಬರಲು 101 ಸೆಕೆಂಡು ಹಿಡಿಯಿತಂತೆ. ಅದನ್ನು ಹಿಡಿದದ್ದು ಪಾಲೊಮಾರ್ ಬೆಟ್ಟದ ದೊಡ್ಡ ದೂರದರ್ಶಕ. ಆದರೆ "ಇಲ್ಲಿದ್ದೇವೆ" ಎಂದು ನೌಕೆಗೆ ಬೆಳಕು ತೋರಿಸಿದ್ದು ನಮ್ಮ ಮೇಜು ಬೆಟ್ಟವೇ.

ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಫೋನು ಬೇರೆ ಥರದ್ದು. ಆ ಬೆಟ್ಟಸಾಲಿನಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ರೈಟ್‌ವುಡ್‌ನಲ್ಲಿ ಕೆಲವು ಮನೆಗಳು ಸುಟ್ಟುಹೋಗಿದ್ದವು. ಅದೇ ತಿಂಗಳ 15ರಂದು ಪಿಟಿಡಿ-3 ಕೂಡ, ತನ್ನ ಕೆಲಸ ಮುಗಿಸಿ, ಮೊದಲೇ ಯೋಚಿಸಿದ್ದಂತೆ ವಾತಾವರಣಕ್ಕೆ ಇಳಿದು ಉರಿದುಹೋಗಿತ್ತು.

"ಅಜ್ಜಿ, ನಮ್ಮ ಡಬ್ಬಿ ಇಲ್ಲ ಈಗ," ಎಂದಳು.

ನಮ್ಮಲ್ಲಿ ಮಳೆ ಜೋರಾಗಿತ್ತು. ಹಂಚಿನ ಮೇಲಿನ ಸದ್ದಿಗೆ ಸರಿಯಾಗಿ ಕೇಳಿಸದೆ, "ಏನಂದೆ? ಮತ್ತೆ ಹೇಳು," ಎಂದೆ. ಅವಳು ಮತ್ತೆ ಹೇಳಿದಳು. ನಿನ್ನ ಡಬ್ಬಿ ಎಲ್ಲಿದೆ ಎಂದು ಕೇಳಿದೆ. ಮೇಜಿನ ಮೇಲಿದೆಯಂತೆ, ಮುಚ್ಚಳ ಕತ್ತರಿಸಿ ಪೆನ್ಸಿಲ್ ಹಾಕಿಟ್ಟಿದ್ದಾಳಂತೆ. ಕನ್ನಡಿ ಬಿದ್ದುಹೋಗಿದೆ, ಮುಂದಿನ ಸಲ ಬರುವಾಗ ಇನ್ನೊಂದು ತರಬೇಕಂತೆ.